ಅಟ್ಟದ ಕಾಯಿಯೂ ಉತ್ತರ ಕೊಡುತ್ತದೆ

ನೀವು ನಮ್ಮ ಮನೆಯ ಮಗುವಿನ ರಕ್ತ ತೆಗೆದುಕೊಂಡು ಹೋದಿರಿ, ಉತ್ತರ ಕೊಡಲಿಲ್ಲ. ಇದು ನನ್ನ ಆರೋಪ. ಇದನ್ನು ಸುತ್ತಿ ಬಳಸಿ ಹೇಳುವ ಸೌಜನ್ಯವನ್ನು ನಮ್ಮ ಮನೆಯವರು ಬೇಕಾದಷ್ಟು ಕಾಲ ಪಾಲಿಸಿದ್ದಾರೆ, ಇನ್ನು ಪಾಲಿಸುವುದಿಲ್ಲ. ತಿಪಟೂರಿನ ಸಭಾಂಗಣವೊಂದರಲ್ಲಿ ಶಿಬಿರ ಹಾಕಿ, ಬಿಳಿ ಕೋಟು ತೊಟ್ಟು, ಸಾಲಾಗಿ ಕುರ್ಚಿ ಜೋಡಿಸಿ ನಮ್ಮನ್ನು ಕೂರಿಸಿದವರು ನೀವು. ಹಳ್ಳಿಯಿಂದ ಬಂದವರ ತೋಳಿಗೆ ಸೂಜಿ ಚುಚ್ಚುವಾಗ ನಿಮ್ಮ ಕೈ ಹಿಂಜರಿಯಲಿಲ್ಲ. ಅದೇ ಜನಕ್ಕೆ ಒಂದು ಮಾತು ಹೇಳುವಾಗ ಮಾತ್ರ ನಿಮ್ಮ ನಾಲಿಗೆ ಏಳಲಿಲ್ಲ. ನಿಮ್ಮ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಹೆಸರು ನಿಮಗೆ ಗೊತ್ತಿದೆ.

ಆ ಮಗು ನನ್ನ ಅಕ್ಕನ ಮಗಳು. ನಮ್ಮ ತಾಯಿಯ ತವರು ಶೆಟ್ಟಿಕೆರೆಯ ಹತ್ತಿರದ ಹಳ್ಳಿ. ಅಕ್ಕ ಮದುವೆಯಾಗಿ ಹೋದದ್ದು ಆ ಮನೆಗೇ, ತಾಯಿಯ ತಮ್ಮನಿಗೆ. ಹೀಗಾಗಿ ಅಜ್ಜಿಯೇ ಅವಳಿಗೆ ಅತ್ತೆ, ಸೋದರಮಾವನೇ ಗಂಡ. ನಮ್ಮ ಕಡೆ ಇದು ವಿಶೇಷವಲ್ಲ. ಹೊಸದಾಗಿ ಹೋಗುವ ಹೆಣ್ಣಿಗೆ ಆ ಮನೆಯ ನಾಯಿಯೂ ಮೊದಲೇ ಪರಿಚಯವಿರುತ್ತದೆ ಎಂಬುದು ಅದರಲ್ಲಿನ ಸುಖ. ಅಕ್ಕ ಬಾಲ್ಯದಲ್ಲಿ ಬೇಸಿಗೆ ರಜೆಗೆ ಹೋಗುತ್ತಿದ್ದ ಮನೆಗೇ ಸೊಸೆಯಾಗಿ ಹೋದಳು. ಅವಳು ಸಣ್ಣವಳಿದ್ದಾಗ ಗೋಡೆಗೆ ಇದ್ದಿಲಿನಲ್ಲಿ ಬರೆದ ಕೋಳಿಯ ಚಿತ್ರ ಅಲ್ಲಿ ಆಗಲೂ ಇತ್ತು.

ಕೂಸು ಹುಟ್ಟಿದ್ದು ತಿಪಟೂರಿನ ಆಸ್ಪತ್ರೆಯಲ್ಲಿ. ಅದರ ಚರ್ಮ ಒಂದು ಅಳತೆ ದೊಡ್ಡದಾಗಿ ಹೊಲಿದ ಅಂಗಿಯಂತಿತ್ತು. ಅಂಗೈಯ ಹಿಂಬದಿಯಲ್ಲಿ ನೆರಿಗೆ, ಹೊಟ್ಟೆಯ ಮೇಲೆ ನೆರಿಗೆ, ಕೆನ್ನೆ ತುಸು ಜೋತಿತ್ತು. ನಾವೆಲ್ಲ ಬಾಗಿ ನೋಡುತ್ತಿದ್ದಾಗ ಮೊದಲು ಮಾತಾಡಿದವಳು ಅಜ್ಜಿ.

"ನಮ್ಮತ್ತೆ ಹುಟ್ಟಿ ಬಂದವ್ಳೆ ಕಣೇ. ಕೈ ನೋಡು, ಅವುಳ್ದೇ ಕೈ. ಸಾಯೋವಾಗ ನನ್ ಮೇಲೆ ಒಸಿ ಸಿಟ್ಟಿತ್ತು, ಮುಗುಸ್ಕಂಡ್ ಹೋಗಕ್ಕೆ ಬಂದವ್ಳೆ."

"ನಗುಸ್ಬ್ಯಾಡ ಅಜ್ಜಿ, ಹೊಲಿಗೆ ನೋಯ್ತದೆ" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡಳು.

ಅಂದಿನಿಂದ ಆ ಮನೆಯಲ್ಲಿ ಕೂಸನ್ನು ಕರೆಯುವುದು 'ಅತ್ತೆಮ್ಮ' ಎಂದೇ. ಅಜ್ಜಿ ಅವಳಿಗೆ ಹಾಲು ಕುಡಿಸುವಾಗಲೂ "ತಕಳ್ರಿ ಅತ್ತೆಮ್ಮ, ನಿಮ್ ಕಾಲ್ದಾಗೆ ನಂಗೆ ಮಜ್ಜಿಗೇನೂ ಕೊಡ್ತಿರ್ಲಿಲ್ಲ ನೀವು" ಎಂದು ಹಂಗಿಸುತ್ತಿದ್ದಳು.

ಅತ್ತೆಮ್ಮ ಹೆಜ್ಜೆಯಿಡಲು ಕಲಿತ ಕಾಲದಲ್ಲಿ ಒಂದು ಬೆಳಿಗ್ಗೆ ಹೊಸಿಲು ದಾಟುತ್ತ ಕೂತಂತೆ ಬಿದ್ದಳು. ಬಿದ್ದ ಸದ್ದೂ ಕೇಳಲಿಲ್ಲ. ತೊಡೆಯ ಮೂಳೆ ಮುರಿದಿತ್ತು. ಅದು ಕೂಡಿಕೊಂಡ ಮೇಲೆ, ಮಾವ ಆಡಿಸುತ್ತ ಕೈ ಹಿಡಿದು ಮೇಲೆತ್ತಿದಾಗ ಮಣಿಕಟ್ಟಿನ ಹತ್ತಿರ ಮುರಿಯಿತು. ಎರಡನೆಯ ಸಲ ಪಟ್ಟಿ ಹಾಕಿದ ವೈದ್ಯರು ಅಕ್ಕನ ಮುಖವನ್ನು ತುಂಬ ಹೊತ್ತು ನೋಡಿ, "ಹೊಡೀತೀಯೇನಮ್ಮ ಮಗೂನ?" ಎಂದು ಕೇಳಿದರು. ಅಕ್ಕ ಮಗುವನ್ನೆತ್ತಿಕೊಂಡು ಹೊರಗೆ ಬಂದಳು. ಬಸ್ಸು ಊರಿನ ಹಾದಿ ಹಿಡಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಹೊಡೆದಿದ್ರೆ ಹೌದು ಅಂತ ಒಪ್ಕಂಡಾದ್ರೂ ಮುಗುಸ್ಬೋದಿತ್ತು ಕಣೇ. ಹೊಡ್ದಿಲ್ಲ. ಈಗ ಏನ್ ಹೇಳ್ಲಿ?"

ಇದನ್ನು ನೀವು ಗಮನದಲ್ಲಿಡಬೇಕು. ರೋಗದ ಹೆಸರು ತಿಳಿಯದ ತಾಯಿ, ಕೇಳಿದವರ ಕಣ್ಣಿಗೆ ಅಪರಾಧಿಯಾಗಿಯೇ ನಿಲ್ಲುತ್ತಾಳೆ.

ಇಷ್ಟಾದರೂ ಮನೆಯವರು ಏಕೆ ದೊಡ್ಡ ಆಸ್ಪತ್ರೆಗೆ ಓಡಲಿಲ್ಲ ಎಂದು ಕೇಳಬಹುದು. ಅದಕ್ಕೆ ನಮ್ಮ ಅಟ್ಟದ ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಕೊಬ್ಬರಿಯಾಗುವುದು ಬಿಸಿಲಿನಲ್ಲಲ್ಲ, ಅಟ್ಟದ ಮೇಲೆ. ಬಲಿತ ಕಾಯನ್ನು ಸಿಪ್ಪೆಸಮೇತ ಅಲ್ಲಿ ಹರಡಿ, ಮಳೆ ಬೇಸಿಗೆಗಳನ್ನು ಅದರ ಪಾಡಿಗೆ ಕಳೆಯಬಿಡುತ್ತೇವೆ. ಒಳಗೆ ನೀರು ಇಂಗುತ್ತದೆ, ತಿರುಳು ಒಣಗಿ ಕುಗ್ಗುತ್ತದೆ, ಕೊನೆಗೊಂದು ದಿನ ಚಿಪ್ಪಿನಿಂದ ತಾನಾಗಿ ಬಿಡಿಸಿಕೊಳ್ಳುತ್ತದೆ. ಆಗ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಕೊಬ್ಬರಿಯ ಉಂಡೆ ಒಳಗೆ ಗಡಗಡ ಆಡುತ್ತದೆ. ಅದು ಕಾಯಿ ಕೊಡುವ ಉತ್ತರ. ಆ ಸದ್ದು ಬರುವ ಮುಂಚೆ ಒಡೆದವನು ಉಂಡೆಯನ್ನು ಹಾಳು ಮಾಡುತ್ತಾನೆ. ಮಾರುಕಟ್ಟೆಯಲ್ಲಿ ಅವನ ಮಾಲನ್ನು ಯಾರೂ ಮೂಸುವುದಿಲ್ಲ. ಆತುರಗಾರ ಎಂಬುದು ನಮ್ಮಲ್ಲಿ ದೊಡ್ಡ ಬೈಗುಳ.

ಇಂಥ ಅಟ್ಟದ ಕೆಳಗೆ ಬಾಳಿದ ಅಜ್ಜಿ, ಮಗುವಿನ ಮೂಳೆಗೂ ಅದೇ ನಿಯಮ ಹಾಕಿದಳು. "ಬಲೀಲಿ ಬುಡು. ಬಲೀದೇ ಒಡುದ್ರೆ ಒಳಗೇನೈತೆ? ಬರೀ ನೀರು." ಮಾವನೂ ಹೂಂ ಅಂದ. ಅಟ್ಟದ ತಾಳ್ಮೆಯನ್ನು ತೊಟ್ಟಿಲಿಗೆ ಇಳಿಸಿದ್ದು ನಮ್ಮ ಜನ ಮಾತ್ರ ಮಾಡಬಲ್ಲ ತಪ್ಪು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ತಪ್ಪು ಪ್ರೀತಿಯಿಂದಾದದ್ದು. ನಿಮ್ಮದು ಯಾವುದರಿಂದಾದದ್ದು ಎಂದು ನನಗೆ ಈಗಲೂ ತಿಳಿದಿಲ್ಲ.

ನಾನಾಗ ಸ್ನಾತಕೋತ್ತರ ಜೀವವಿಜ್ಞಾನ ತರಗತಿಗೆ ಸೇರಿದ್ದೆ. ರಜೆಗೆ ಊರಿಗೆ ಬಂದಿದ್ದಾಗ, ಅಪರೂಪದ ಕಾಯಿಲೆಗಳಿಗೆ ಉಚಿತ ತಪಾಸಣೆ ಎಂದು ತಿಪಟೂರಿನ ಬಸ್ ನಿಲ್ದಾಣದಲ್ಲಿ ಅಂಟಿಸಿದ್ದ ನಿಮ್ಮ ಭಿತ್ತಿಪತ್ರ ಕಂಡಿತು. ಮಗುವನ್ನು ಕರೆದೊಯ್ಯುತ್ತೇನೆಂದು ಹಟ ಹಿಡಿದವಳು ನಾನೇ. ಅಜ್ಜಿ, "ಬಲೀದೇ ಇರೋ ಕಾಯಿ ಒಡೆಯಕ್ಕೆ ಹೊಂಟ್ಯಾ?" ಎಂದು ರೇಗಿದಳು, ರೇಗುತ್ತಲೇ ಒಗೆದ ಸೀರೆ ಉಟ್ಟು ನಮ್ಮ ಜೊತೆ ಬಸ್ಸು ಹತ್ತಿದಳು. ವಿಜ್ಞಾನವನ್ನು ನಂಬಿ ಅವರನ್ನು ನಿಮ್ಮಲ್ಲಿಗೆ ತಂದದ್ದಕ್ಕೆ ನನಗೆ ನಾಚಿಕೆಯಿಲ್ಲ. ನಂಬಿಕೆ ನನ್ನ ಕರ್ತವ್ಯವಾಗಿತ್ತು, ಮಾಡಿದೆ. ಅದನ್ನು ಉಳಿಸಿಕೊಳ್ಳುವುದು ನಿಮ್ಮದಾಗಿತ್ತು.

ಶಿಬಿರದಲ್ಲಿ ನಿಮ್ಮ ಹಿರಿಯ ವೈದ್ಯರು ಅತ್ತೆಮ್ಮನ ಕೈ ತಿರುಗಿಸಿ ನೋಡಿದವರೇ ಉಳಿದವರನ್ನು ಕೂಗಿ ಕರೆದರು. ಎಲ್ಲರೂ ಬಂದು ಸುತ್ತ ನಿಂತರು. ಅಂಗೈಯ ಹಿಂಬದಿಯ ಚಿತ್ರ ತೆಗೆದರು, ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ ಬಿಟ್ಟು ಅದು ಮೆಲ್ಲಗೆ ಮರಳುವುದನ್ನು ನೋಡಿದರು. "ಕ್ಲಾಸಿಕ್" ಎಂದರು ಹಿರಿಯರು, ಮುಖ ಅರಳಿಸಿಕೊಂಡು.

"ಕ್ಲಾಸಿಕ್ ಅಂದ್ರೇನೇ?" ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು.

"ಚೆನ್ನಾಗಿ ಗುರುತು ಸಿಕ್ಕೋ ಹಂಗೈತೆ ಅಂತ."

"ಹಂಗಾದ್ರೆ ಹೆಸ್ರು ಹೇಳ್ಬೋದಲ್ಲ?"

ಅವರನ್ನೇ ಕೇಳಿದೆ. ರಕ್ತ ಪರೀಕ್ಷೆಯಾಗದೆ ಹೇಳುವಂತಿಲ್ಲ ಎಂದರು. ಅದು ಸರಿಯಾದ ಮಾತು, ನಾನೂ ಒಪ್ಪಿದೆ. ಮಗುವಿನದು, ಅಕ್ಕನದು, ಮಾವನದು, ಅಜ್ಜಿಯದು, ನಾಲ್ವರ ರಕ್ತವನ್ನೂ ತೆಗೆದರು. ಅಜ್ಜಿ ತೋಳು ಚಾಚಿ, ಸೂಜಿ ಹಿಡಿದಿದ್ದ ತರುಣನಿಗೆ, "ತಕಳಪ್ಪ, ತಕೋ. ಆದ್ರೆ ವಾಪಸ್ ಕೇಳ್ತೀನಿ, ನೆಪ್ಪಿಟ್ಕೋ" ಎಂದಳು.

ಅವನು ನಕ್ಕ. "ರಕ್ತ ವಾಪಸ್ ಕೊಡಕ್ಕಾಗಲ್ಲ ಅಜ್ಜಿ, ಉತ್ತರ ಕೊಡ್ತೀವಿ. ಫೋನ್ ಮಾಡ್ತೀವಿ."

ಹೋಗುವಾಗ ಎಲ್ಲರಿಗೂ ಒಂದೊಂದು ಬಾಳೆಹಣ್ಣು ಕೊಟ್ಟಿರಿ. ನಿಮ್ಮಿಂದ ನಮಗೆ ಈವರೆಗೆ ಸಿಕ್ಕಿದ್ದು ಅದೊಂದೇ.

ರಜೆ ಮುಗಿದು ನಾನು ತರಗತಿಗೆ ಮರಳಿದೆ. ಜೀವಕೋಶದ ಪಾಠ ನಡೆಯುತ್ತಿತ್ತು. ಒಂದು ಮಧ್ಯಾಹ್ನ ನಮ್ಮ ಮೇಡಂ ಕಪ್ಪು ಹಲಗೆಯ ಮೇಲೆ ಕೋಶದೊಳಗಿನ ಗಾಲ್ಗಿ ಎಂಬ ಭಾಗದ ಚಿತ್ರ ಬರೆದರು: ಚಪ್ಪಟೆ ತಟ್ಟೆಗಳು ಒಂದರ ಮೇಲೊಂದು, ಅಂಚಿನಲ್ಲಿ ಮೊಗ್ಗುಗಳಂತೆ ಉಬ್ಬಿದ ಗುಳ್ಳೆಗಳು. ಉಳಿದವರು ದೋಸೆಯ ರಾಶಿ ಎಂದು ನಕ್ಕರು. ನನಗೆ ಕಂಡದ್ದು ಅಟ್ಟ. ಅಟ್ಟದ ಮೇಲೊಂದು ಅಟ್ಟ. ಕೋಶದಲ್ಲಿ ತಯಾರಾದ ಪ್ರೋಟೀನು ಕೆಳಗಿನ ತಟ್ಟೆಗೆ ಹಸಿಯಾಗಿ ಬಂದು, ಅಟ್ಟದಿಂದ ಅಟ್ಟಕ್ಕೆ ಸಾಗುತ್ತ, ಸಕ್ಕರೆಯ ಕಣಗಳ ಕುಸುರಿ ಕೂಡಿಸಿಕೊಂಡು, ಪಕ್ವವಾಗಿ ಮೇಲಿನ ತಟ್ಟೆಯಿಂದ ಹೊರಡುತ್ತದೆ. ಚರ್ಮವನ್ನು ಬಿಗಿಯಾಗಿ, ಮೂಳೆಯನ್ನು ಗಟ್ಟಿಯಾಗಿ ಇಡುವ ಸರಕೂ ಈ ಹಾದಿಯಲ್ಲೇ ಬರಬೇಕು.

ಒಂದೊಂದು ಅಟ್ಟಕ್ಕೂ ಅದರದೇ ಕೆಲಸಗಾರರಿದ್ದಾರೆ. ಸಕ್ಕರೆ ಕೂಡಿಸುವವರು, ಕತ್ತರಿಸುವವರು. ಸರಕು ಮೇಲೆ ಸಾಗುವಾಗ ಅವರೂ ಅದರ ಜೊತೆ ತೇಲಿಹೋಗುತ್ತಾರೆ. ಹೋದವರನ್ನು ಅವರ ಅಟ್ಟಕ್ಕೆ ಮರಳಿ ತರುವುದಕ್ಕೆ ಕೋಶ ಕಿರುಚೀಲಗಳನ್ನು ಕಟ್ಟುತ್ತದೆ. ಆ ಕಟ್ಟುವಿಕೆಯನ್ನು ಆಳುವುದು ಕೆಲವು ಪ್ರೋಟೀನುಗಳು. ತಟ್ಟೆಯ ಪೊರೆಯ ಮೇಲೆ ಮೊದಲು ಬಂದು ಕೂರುವುದು ಆರ್ಫ್ ಎಂಬ ಸಣ್ಣ ಪ್ರೋಟೀನು. ಅದು ದೀಪದ ಗುಂಡಿಯಂಥದು: ಒತ್ತಿದರೆ ಪೊರೆಗೆ ಅಂಟುತ್ತದೆ, ಆರಿಸಿದರೆ ಕಳಚಿಕೊಳ್ಳುತ್ತದೆ. ಅಂಟಿದಾಗ ಹೊದಿಕೆಯ ಪ್ರೋಟೀನುಗಳನ್ನು ಕರೆಯುತ್ತದೆ. ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿದಿರಿನ ಮಂಕರಿಯಂತೆ ಹೆಣೆದುಕೊಳ್ಳುತ್ತವೆ. ಹೆಣಿಗೆ ಬಾಗಿದಂತೆ ಕೆಳಗಿನ ಪೊರೆಯೂ ಬಾಗಿ ಮೊಗ್ಗಾಗುತ್ತದೆ. ಮೊಗ್ಗಿನ ಕುತ್ತಿಗೆ ಸಣ್ಣದಾಗುತ್ತ ಬಂದು ಕಡಿದು, ಕಿರುಚೀಲ ಹೊರಡುತ್ತದೆ. ಆಮೇಲೆ ಗುಂಡಿ ಆರುತ್ತದೆ, ಮಂಕರಿ ಬಿಚ್ಚುತ್ತದೆ. ಬಿಚ್ಚದಿದ್ದರೆ ಚೀಲ ತಲುಪಿದ ಕಡೆ ಒಂದಾಗಲಾರದು.

ಇದನ್ನೇ ಹಿಂಬಾಲಿಸಿ ಓದುತ್ತ ಹೋದೆ. ಗ್ರಂಥಾಲಯದಲ್ಲಿ ಗೊರಾಬ್ ಎಂಬ ಪ್ರೋಟೀನಿನ ಮಾತು ಬಂತು. ಮೇಲಿನ ಅಟ್ಟದಲ್ಲಿ ಆ ಮಂಕರಿಯ ಹೆಣಿಗೆ ಅರ್ಧಕ್ಕೆ ಸಡಿಲವಾಗದಂತೆ ಹಿಡಿದು ನಿಲ್ಲಿಸುವುದು ಅದರ ಕೆಲಸ. ಅದು ಇಲ್ಲದಿದ್ದರೆ ಹೆಣಿಗೆ ನಿಲ್ಲುವುದಿಲ್ಲ, ಕೆಲಸಗಾರರು ತಮ್ಮ ಅಟ್ಟಕ್ಕೆ ಮರಳುವುದಿಲ್ಲ, ಸರಕು ಕುಸುರಿ ಮುಗಿಯದೆ ಹೊರಡುತ್ತದೆ. ಅಂಥ ಮಕ್ಕಳ ಚರ್ಮ ನೆರಿಗೆಗಟ್ಟಿ ಸಡಿಲವಾಗಿರುತ್ತದೆ, ಮೂಳೆ ಸುಲಭವಾಗಿ ಮುರಿಯುತ್ತದೆ ಎಂದು ಅಲ್ಲಿತ್ತು. ಅಂಗೈಯ ಹಿಂಬದಿಯ ನೆರಿಗೆಯ ವಿವರಣೆಯೂ ಇತ್ತು. ನಾನು ಪುಸ್ತಕದ ಪುಟದಲ್ಲಿ ನಮ್ಮ ಅತ್ತೆಮ್ಮನ ಕೈ ನೋಡಿದೆ.

ಇದು ನನ್ನ ಊಹೆ. ಹೀಗೇ ಕಾಣುವ ಬೇರೆ ಕಾಯಿಲೆಗಳೂ ಇವೆ; ಅವುಗಳಲ್ಲಿ ತಪ್ಪಿದ ಪ್ರೋಟೀನು ಬೇರೆ, ಮುಂದಿನ ಹಾದಿ ಬೇರೆ. ಊಹೆಯನ್ನು ತಿಳಿವಳಿಕೆಯಾಗಿ ಮಾಡಬಲ್ಲದ್ದು ಒಂದೇ, ನಿಮ್ಮ ಶೀತಲಪೆಟ್ಟಿಗೆಯಲ್ಲಿರುವ ರಕ್ತ.

ಮುಂದಿನ ಸಲ ಹಳ್ಳಿಗೆ ಹೋದಾಗ ಮನೆಯ ಮುಂದೆ ಕೊಬ್ಬರಿ ಒಡೆಯುವ ಕೆಲಸ ನಡೆದಿತ್ತು. ಅಜ್ಜಿ ಚಿಪ್ಪು ಬಿಡಿಸುತ್ತಿದ್ದಳು, ಅಕ್ಕ ಉಂಡೆಗಳನ್ನು ಆರಿಸುತ್ತಿದ್ದಳು. ನಾನು ಮಂಕರಿಯೊಂದನ್ನು ಎಳೆದುಕೊಂಡು ಕೂತು ಅಟ್ಟದ, ಕೆಲಸಗಾರರ, ಚೀಲಗಳ ವಿಷಯವನ್ನೆಲ್ಲ ಅವರಿಗೆ ಹೇಳಿದೆ.

"ಅಷ್ಟೊಂದ್ ವರ್ಸ ಓದಿ ಕೊನೀಗೆ ಚೀಲ ಕಟ್ಟೋ ಕತೆ ಹೇಳ್ತೀಯಲ್ಲೇ" ಎಂದಳು ಅಜ್ಜಿ, ಕೈ ನಿಲ್ಲಿಸದೆ. "ಅದ್ನ ನಮ್ ಕೊಬ್ರಿ ಮಂಡೀನಾಗೆ ದಿನಾ ನೋಡ್ತೀವಿ."

"ಮಂಡೀಲಿ ಕಟ್ಟೋನು ಕಾಣ್ತಾನೆ ಅಜ್ಜಿ. ಇಲ್ಲಿ ಕಾಣಲ್ಲ."

ಅತ್ತೆಮ್ಮ ಚಿಪ್ಪಿನ ಚೂರುಗಳನ್ನು ಜೋಡಿಸುತ್ತ ಎಲ್ಲ ಕೇಳಿಸಿಕೊಂಡಿದ್ದಳು. ತನ್ನ ಕೈಯ ನೆರಿಗೆಯನ್ನೊಮ್ಮೆ ನೋಡಿಕೊಂಡು, "ಚಿಕ್ಕಿ, ನನ್ನೊಳ್ಗೆ ಚೀಲ ಕಟ್ಟೋರು ರಜಾ ಹಾಕವ್ರಾ?" ಎಂದಳು.

"ಒಬ್ನು ಬಂದಿಲ್ಲ ಅನ್ಸುತ್ತೆ."

"ಅವುನ್ ಹೆಸ್ರೇನು?"

ಊಹೆಯ ಹೆಸರನ್ನು ಮಗುವಿಗೆ ಹೇಳಬಾರದು. ಒಮ್ಮೆ ಹೇಳಿದರೆ ಅದು ಶಾಲೆಗೆ ಹೋಗುತ್ತದೆ, ಊರಿಗೆ ಹೋಗುತ್ತದೆ, ಮುಂದೆ ಅದು ತಪ್ಪೆಂದು ತಿಳಿದರೂ ಮರಳಿ ಬರುವುದಿಲ್ಲ. "ಕೇಳಿ ಹೇಳ್ತೀನಿ" ಎಂದೆ. ಕೇಳಬೇಕಾದದ್ದು ನಿಮ್ಮನ್ನು.

ಕೇಳಿದೆ. ನೀವು ಕೊಟ್ಟಿದ್ದ ಸಂಖ್ಯೆಗೆ ಫೋನು ಮಾಡಿದಾಗ ಮೊದಮೊದಲು ನಡೆಯುತ್ತಿದೆ ಎಂದರು. ಬಳಿಕ ಸಂಬಂಧಪಟ್ಟವರು ಇಲ್ಲ ಎಂದರು. ಆಮೇಲೆ ಸಂಖ್ಯೆಯೇ ಮೂಕವಾಯಿತು. ಮಿಂಚಂಚೆಗಳಿಗೆ ತಾನಾಗಿ ಹೊರಡುವ ಧನ್ಯವಾದವೊಂದು ಬರುತ್ತಿತ್ತು, ಅಷ್ಟೆ. ಈ ಪರೀಕ್ಷೆ ಮಾಡುವ ಜಾಗಗಳೇ ಕಡಿಮೆ. ಬೇರೆ ದೊಡ್ಡ ಆಸ್ಪತ್ರೆಗೆ ಹೋದರೆ, "ನಿಮ್ಮ ಸ್ಯಾಂಪಲ್ ಆಗಲೇ ಅಲ್ಲಿದೆಯಲ್ಲ, ಅವರನ್ನೇ ಕೇಳಿ" ಎಂದು ನಿಮ್ಮ ಕಡೆಗೇ ಬೆರಳು ತೋರಿಸಿದರು. ಕೊನೆಗೆ ಅಕ್ಕನೂ ನಾನೂ ತಿಪಟೂರಿನಲ್ಲಿ ಬೆಳಗಿನ ರೈಲು ಹತ್ತಿ ನಿಮ್ಮ ಕಟ್ಟಡಕ್ಕೇ ಬಂದೆವು.

ಒಳಗೆ ನಮ್ಮನ್ನು ಮಾತಾಡಿಸಿದವರು ನಿಮ್ಮ ಆಡಳಿತದವರೊಬ್ಬರು. ಕುರ್ಚಿ ಕೊಟ್ಟರು, ನೀರು ಕೊಟ್ಟರು.

"ಆ ಪ್ರಾಜೆಕ್ಟ್ ಮುಗಿದಿದೆಯಮ್ಮ. ಮಾಡ್ತಿದ್ದೋರು ಬಿಟ್ಟು ಹೋದ್ರು" ಎಂದರು.

"ರಕ್ತ?" ಎಂದೆ.

"ಇರಬೇಕು, ಫ್ರೀಜರ್‌ನಲ್ಲಿ."

"ಪರೀಕ್ಷೆ ಆಗಿದೆಯಾ?"

"ಆಗಿರಬಹುದು."

"ಆಗಿದ್ರೆ ಯಾರಿಗೆ ಹೇಳಿದ್ರಿ ಸಾರ್? ನಮಗಂತೂ ಹೇಳಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀನು ಓದಿದ ಹುಡುಗಿ. ಸೋದರಮಾವನ್ನ ಕಟ್ಕೊಂಡ್ರೆ ಮಕ್ಕಳು ಹೀಗಾಗ್ತವೆ ಅಂತ ಮೊದಲು ನಿಮ್ಮೋರಿಗೆ ಹೇಳು. ಆಮೇಲೆ ನಮ್ಮನ್ನ ಕೇಳುವಿಯಂತೆ."

ನಾನು ಬಾಯಿ ತೆರೆಯುವ ಮುಂಚೆ ಅಕ್ಕ ಮಾತಾಡಿದಳು. ವೈದ್ಯರ ಮುಂದೆ ಎಂದೂ ದನಿ ಎತ್ತದ ಅಕ್ಕ. "ನಾನು ಮದ್ವೆ ಆಗಿದ್ದು ತಪ್ಪು ಅಂತ್ಲೇ ಇಟ್ಕಳಿ ಸಾರ್. ನನ್ ಮಗಳು ಯಾರ್ನೂ ಮದ್ವೆ ಆಗಿಲ್ವಲ್ಲ. ಅವ್ಳಿಗ್ಯಾಕೆ ಹೇಳಲ್ಲ?"

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ವಿಚಾರಿಸುತ್ತೇನೆ ಎಂದರು. ನಾವು ಹೊರಗೆ ಬಂದೆವು. ಆ ವಿಚಾರಣೆಯ ಫಲ ಇನ್ನೂ ಬಂದಿಲ್ಲ.

ಅವರ ಮಾತಿನಲ್ಲಿದ್ದ ವಿಜ್ಞಾನವನ್ನು ನಾನು ಅಲ್ಲಗಳೆಯುವುದಿಲ್ಲ. ಹತ್ತಿರದ ನಂಟರು ಕೂಡಿದಾಗ, ಇಬ್ಬರಲ್ಲೂ ಸುಮ್ಮನೆ ಅಡಗಿದ್ದ ಒಂದೇ ವಂಶವಾಹಿಯ ಕೆಟ್ಟ ಪ್ರತಿ ಒಂದೇ ಮಗುವಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚುತ್ತದೆ. ನಮ್ಮ ಹಳ್ಳಿಯ ಜಗಲಿಗಳ ಮೇಲೆ ಕೂತು ಇದನ್ನು ನಾನೇ ಹೇಳಿದ್ದೇನೆ, ಬೈಸಿಕೊಂಡೂ ಇದ್ದೇನೆ. "ಇವ್ಳು ದೊಡ್ಮಾವನ ಮಗನ್ನ ಒಲ್ಲೆ ಅನ್ನಕ್ಕೆ ವಿಜ್ಞಾನ ತೆಗೀತಾವ್ಳೆ" ಎಂದು ನಗುವವರು ಇನ್ನೂ ಇದ್ದಾರೆ. ಆದರೆ ಅದೇ ಕಾರಣಕ್ಕೆ ನಿಮ್ಮ ಉತ್ತರ ಹೆಚ್ಚು ಅಗತ್ಯವಾಗುತ್ತದೆ. ನಮ್ಮ ಮನೆತನದಲ್ಲಿ ಯಾವ ಪ್ರತಿ ಅಡಗಿದೆಯೆಂದು ತಿಳಿದರೆ ಮುಂದಿನ ಮದುವೆಯ ಮಾತುಕತೆಯಲ್ಲಿ ಅಜ್ಜಿಯೇ ಅದನ್ನು ಎತ್ತುತ್ತಾಳೆ. ಕಾಯಿಲೆಗೆ ನಮ್ಮ ಪದ್ಧತಿಯೇ ಕಾರಣವೆಂದು ಹೇಳುತ್ತೀರಿ. ಪದ್ಧತಿಯನ್ನು ತಿದ್ದಲು ಬೇಕಾದ ಒಂದೇ ಒಂದು ತಿಳಿವಳಿಕೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೀರಿ. ಇದು ಉಪದೇಶವಲ್ಲ, ಉಡಾಫೆ.

ಅತ್ತೆಮ್ಮ ಈಗ ಎರಡನೆಯ ತರಗತಿ. ಕಳೆದ ತಿಂಗಳು ಶಾಲೆಯ ಚೀಲ ಹೆಗಲಿಗೇರಿಸುವಾಗ ಬೆನ್ನು ನೋವೆಂದು ಕೂತವಳು ಎದ್ದು ನಿಲ್ಲಲಾಗಲಿಲ್ಲ. ಬೆನ್ನೆಲುಬಿನ ಒಂದು ಮೂಳೆ ಒಳಕ್ಕೆ ಕುಸಿದಿದೆ. ತಿಪಟೂರಿನಲ್ಲಿ ಈಗ ಅವಳನ್ನು ನೋಡುತ್ತಿರುವ ಮೂಳೆ ವೈದ್ಯರು ಒಳ್ಳೆಯವರು. ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ಅಕ್ಕನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು: "ಮೂಳೆಗೆ ಬಲ ಕೊಡೋ ಔಷಧ ಇದೆ ಕಣಮ್ಮ. ಆದ್ರೆ ಯಾವ ಕಾಯಿಲೆ ಅಂತ ಖಾತ್ರಿ ಇಲ್ದೆ ಬೆಳೆಯೋ ಮಗೂಗೆ ಶುರು ಮಾಡೋ ಧೈರ್ಯ ನನಗಿಲ್ಲ. ಇನ್ನೊಂದು ಮೂಳೆ ಕುಸಿದ್ರೆ ನಡಿಗೇನೇ ಕಷ್ಟ. ಆ ಉತ್ತರ ತನ್ನಿ, ಬೇಗ ತನ್ನಿ."

ನಮ್ಮ ಮಗು ನಡೆಯುತ್ತದೋ ಇಲ್ಲವೋ ಎಂಬುದು ನಿಮ್ಮ ಒಂದು ಮಾತಿನ ಮೇಲೆ ನಿಂತಿದೆ. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ನನಗೆ ತಿಳಿಯದು.

ಅಂದು ಮೂಳೆ ವೈದ್ಯರಲ್ಲಿಂದ ಹಳ್ಳಿಗೆ ಮರಳಿದೆವು. ಅತ್ತೆಮ್ಮ ಚಾಪೆಯ ಮೇಲೆ ಅಂಗಾತ ಮಲಗಿ, ಅಟ್ಟದ ಹಲಗೆಗಳ ಸಂದಿಯಿಂದ ಕಾಣುವ ಕಾಯಿಗಳನ್ನು ನೋಡುತ್ತಿದ್ದಳು. ಅಟ್ಟಕ್ಕೆ ಹತ್ತುವುದು ಅವಳ ಬಹುಕಾಲದ ಆಸೆ. ಏಣಿಯ ಹತ್ತಿರಕ್ಕೂ ಅವಳನ್ನು ಬಿಟ್ಟವರಿಲ್ಲ. ಅಜ್ಜಿ ಸೆರಗು ಸಿಕ್ಕಿಸಿ ತಾನೇ ಏಣಿ ಹತ್ತಿದಳು. ಒಂದು ಕಾಯಿ ತಂದು ಮಗುವಿನ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಉಂಡೆ ಒಳಗೆ ಗಡಗಡ ಆಡಿತು.

"ಏನಂತದೆ ಅತ್ತೆಮ್ಮ?"

"ಇಳ್ಸಿ ಅಂತದೆ."

ಅಜ್ಜಿ ಕಾಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು. "ಕಾಯೋದ್ನ ನಂಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ ಕಣೇ. ಈ ಅಟ್ಟದ ಕೆಳಗೇ ಮುದುಕಿಯಾದೆ. ಕಾಯಿಗೆ ಕಾದ್ರೆ ಅದು ಒಳಗಿಂದ ಮಾತಾಡ್ತದೆ. ಇವ್ರು ಏನಾದ್ರೂ ಮಾತಾಡಿದ್ರಾ?"

"ಇಲ್ಲ."

"ಹಂಗಾದ್ರೆ ಇನ್ ಕಾಯದು ಬ್ಯಾಡ. ಅವತ್ತೇ ಹೇಳಿದ್ದೆ ಆ ಹುಡುಗುಂಗೆ, ವಾಪಸ್ ಕೇಳ್ತೀನಿ ಅಂತ. ಕೇಳು. ಎಲ್ರೂ ಓದಂಗೆ ಬರಿ. ಬಯ್ಯಬ್ಯಾಡ, ಬೈದ್ರೆ ಬೈದಿದ್ದಕ್ಕೆ ಉತ್ರ ಕೊಡ್ತಾರೆ, ಕೇಳಿದ್ದಕ್ಕೆ ಕೊಡಲ್ಲ."

ನಾನು ಸ್ವಲ್ಪ ಬೈದಿದ್ದೇನೆ. ಅಜ್ಜಿಯ ಮಾತನ್ನು ಪೂರ್ತಿ ನಡೆಸಲಾಗಲಿಲ್ಲ. ಆದರೆ ಇನ್ನು ಮುಂದಿನದು ಕೇಳಿಕೆ ಮಾತ್ರ. ಕೇಳುವ ಮುಂಚೆ, ನಿಮ್ಮದೇ ವಿಜ್ಞಾನದ ಒಂದು ಸಂಗತಿಯನ್ನು ನಿಮಗೆ ನೆನಪಿಸುತ್ತೇನೆ. ನಾನು ಓದಿದ ಆ ಕಿರುಚೀಲಗಳು ಕಟ್ಟಿಕೊಳ್ಳುವುದು ಹಿಂದಿರುಗಿಸುವುದಕ್ಕೆ. ಮೇಲಕ್ಕೆ ಹೋದದ್ದನ್ನು ಅದರ ಜಾಗಕ್ಕೆ ಮರಳಿಸದೆ ಹೋದರೆ ಮೇಲಿನ ಕೆಲಸವೂ ಕೆಡುತ್ತದೆಂದು, ಕಣ್ಣಿಗೆ ಕಾಣದ ಒಂದು ಕೋಶ ಅರಿತು ನಡೆಯುತ್ತದೆ. ನೀವು ಅದನ್ನು ಪಾಠ ಮಾಡುತ್ತೀರಿ, ನಡೆಸುವುದಿಲ್ಲ.

ಖಾಸಗಿ ಪ್ರಯೋಗಾಲಯದಲ್ಲಿ ಹೊಸದಾಗಿ ಪರೀಕ್ಷೆ ಮಾಡಿಸಬಹುದಲ್ಲ ಎಂದು ನಿಮ್ಮಲ್ಲೊಬ್ಬರಾದರೂ ಹೇಳುತ್ತಾರೆ. ಆ ದಾರಿಯನ್ನೂ ಹುಡುಕುತ್ತಿದ್ದೇವೆ. ಮಗುವಿನ ಬೆನ್ನನ್ನು ನಿಮ್ಮ ಮನಸ್ಸು ಬದಲಾಗುವವರೆಗೆ ಕಾಯಿಸುವಷ್ಟು ಮೂಢರು ನಾವಲ್ಲ. ಅದರಿಂದ ನಿಮ್ಮ ಹೊಣೆ ಹರಿಯುವುದಿಲ್ಲ. ಆ ಸಭಾಂಗಣದಲ್ಲಿ ನಮ್ಮ ಜೊತೆ ಕೂತಿದ್ದವರು ತುರುವೇಕೆರೆಯಿಂದ, ಅರಳಗುಪ್ಪೆಯಿಂದ, ಚಿಕ್ಕನಾಯಕನಹಳ್ಳಿಯಿಂದ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಅವರ ಕೈಯಲ್ಲೂ ಒಂದೊಂದು ಬಾಳೆಹಣ್ಣಿತ್ತು.

ಆದ್ದರಿಂದ ಸಂಸ್ಥೆಯ ನಿರ್ದೇಶಕರಲ್ಲಿ, ಆ ಶಿಬಿರಕ್ಕೆ ಒಪ್ಪಿಗೆ ನೀಡಿದ ನೈತಿಕ ಸಮಿತಿಯ ಸದಸ್ಯರಲ್ಲಿ, ಅದಕ್ಕೆ ಸಭಾಂಗಣವನ್ನೂ ಸಹಕಾರವನ್ನೂ ಕೊಟ್ಟ ಅಧಿಕಾರಿಗಳಲ್ಲಿ ವಿಧಿವತ್ತಾಗಿ ಕೋರುತ್ತೇನೆ. ನಮ್ಮ ಮನೆಯ ನಾಲ್ವರ ರಕ್ತ ಈಗ ಎಲ್ಲಿದೆ, ಅದನ್ನು ಪರೀಕ್ಷಿಸಲಾಗಿದೆಯೇ, ಪರೀಕ್ಷಿಸಿದ್ದರೆ ಏನು ಕಂಡಿತು ಎಂಬುದನ್ನು ತಿಳಿಸಿರಿ. ಏನೂ ಕಾಣದಿದ್ದರೆ ಏನೂ ಕಾಣಲಿಲ್ಲವೆಂದೇ ತಿಳಿಸಿರಿ, ಅದೂ ಉತ್ತರವೇ. ರಕ್ತ ಕೆಟ್ಟಿದ್ದರೆ, ಕಳೆದಿದ್ದರೆ, ಹಾಗೆಂದು ಒಪ್ಪಿಕೊಂಡು, ತಿಪಟೂರಿಗೇ ಬಂದು ಮತ್ತೆ ತೆಗೆದುಕೊಳ್ಳಿರಿ ಮತ್ತು ಈ ಸಲ ತಡಮಾಡದೆ ಪರೀಕ್ಷಿಸಿರಿ. ಫಲಿತಾಂಶವನ್ನು ಮಗುವಿನ ತಾಯಿಗೆ ಕನ್ನಡದಲ್ಲಿ, ಎದುರು ಕೂತು, ಅವಳ ಪ್ರಶ್ನೆಗಳು ಮುಗಿಯುವವರೆಗೆ ವಿವರಿಸಬಲ್ಲ ಒಬ್ಬರನ್ನು ಕಳುಹಿಸಿರಿ. ಆ ದಿನ ಸಭಾಂಗಣದಲ್ಲಿದ್ದ ಉಳಿದ ಮನೆಗಳಿಗೂ ಇದನ್ನೇ ಮಾಡಿರಿ. ಉತ್ತರಗಳನ್ನು ತಡೆದವರು ಯಾರೆಂದು ಗುರುತಿಸಿ ಕ್ರಮ ಕೈಗೊಳ್ಳಿರಿ; ಜನರಿಂದ ತೆಗೆದುಕೊಂಡದ್ದಕ್ಕೆ ಜನರಿಗೆ ಉತ್ತರ ಕೊಡದ ಯಾವ ಶಿಬಿರಕ್ಕೂ ಇನ್ನು ಮುಂದೆ ಅನುಮತಿ ಇಲ್ಲವೆಂದು ಆದೇಶ ಮಾಡಿರಿ.

ಒಂದು ಮಗು ತನ್ನೊಳಗೆ ಕೆಲಸಕ್ಕೆ ಬಾರದೆ ಉಳಿದವನ ಹೆಸರು ಕೇಳಿದೆ. ಕೇಳಿ ಹೇಳುತ್ತೇನೆಂದು ನಾನು ಮಾತು ಕೊಟ್ಟಿದ್ದೇನೆ. ದಯವಿಟ್ಟು ಉತ್ತರಿಸಿರಿ.